ಬೀಗರ ಕಾಲು, ಮಗುವಿನ ಸೀಟು

ಬೀಗರು ನಮ್ಮ ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ತಳ್ಳಿದ ಸದ್ದು ನನಗೆ ಅಡುಗೆಮನೆಯವರೆಗೂ ಕೇಳಿಸಿತು. ಕರಕರ ಎಂದು ಜಾರಿ, ಕೊನೆಗೆ ಟಕ್ ಎಂದು ಕೂತಿತು. ಮಡಿಲಕ್ಕಿ ಕಟ್ಟುತ್ತಿದ್ದ ಕೈ ಅಲ್ಲೇ ನಿಂತಿತು. ಆ ಸೀಟು ಅಷ್ಟು ಹಿಂದಕ್ಕೆ ಹೋದರೆ ಅದರ ಬೆನ್ನಿಗೆ ಇರುವ ಮಗುವಿನ ಸೀಟಿಗೆ ಜಾಗವೇ ಇರುವುದಿಲ್ಲ. ಇದು ನಮ್ಮ ಮನೆಯಲ್ಲಿ ಉಳಿದವರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಅದನ್ನು ಕಟ್ಟಿದವಳು ನಾನು.

ಅಂದು ಮಗಳನ್ನು ಗಂಡನ ಮನೆಗೆ ಕಳಿಸುವ ದಿನ. ಎರಡನೆಯ ಹೆರಿಗೆಯಾದರೂ ಬಾಣಂತನ ಬಂಗಾರಪೇಟೆಯ ನಮ್ಮ ಮನೆಯಲ್ಲೇ ಆಗಿತ್ತು. ಮೂರನೇ ತಿಂಗಳಲ್ಲಿ ಗಂಡಿನ ಮನೆಯ ಹಿರಿಯರೊಬ್ಬರು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗಬೇಕು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಅಳಿಯನಿಗೆ ರಜೆ ಸಿಗಲಿಲ್ಲ. ಅವರಪ್ಪ, ಅಂದರೆ ನಮ್ಮ ಬೀಗರು, ಬೆಳಗಿನ ಬಸ್ಸಿಗೆ ಕ್ಯಾಸಂಬಳ್ಳಿಯಿಂದ ಬಂದಿದ್ದರು. ಆರಡಿ ಮೀರಿದ ಆಳು, ಗರಿಗರಿ ಪಂಚೆ, ಹೆಗಲ ಮೇಲೆ ಟವೆಲ್ಲು. ವಾಪಸು ಹೋಗುವುದು ನಮ್ಮ ಕಾರಿನಲ್ಲಿ, ಓಡಿಸುವವಳು ನಾನು. ನಮ್ಮ ಯಜಮಾನರ ಕಣ್ಣು ಮಂಜಾದ ಮೇಲೆ ಆ ಸ್ಟಿಯರಿಂಗು ನನ್ನ ಪಾಲಿಗೆ ಬಂದಿದೆ.

ಕಾರಿನಲ್ಲಿ ಮಕ್ಕಳ ಸೀಟು ಯಾಕೆ ಬಂತು ಎಂದು ಹೇಳದೆ ಮುಂದಕ್ಕೆ ಹೋದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ಮಗಳು ಎರಡನೆಯದಕ್ಕೆ ತುಂಬು ಬಸುರಿಯಾಗಿದ್ದಾಗ ನಾವೆಲ್ಲ ಒಂದು ಮದುವೆಯಿಂದ ಬರುತ್ತಿದ್ದೆವು. ದೊಡ್ಡ ಮೊಮ್ಮಗಳಿಗೆ ಆಗ ಎರಡು ವರ್ಷ ತುಂಬಿತ್ತಷ್ಟೆ. ಅವಳು ಮುಂದಿನ ಸೀಟಿನಲ್ಲಿ ಬೀಗರ ತೊಡೆಯ ಮೇಲೆ ನಿಂತುಕೊಂಡು ಕುಣಿಯುತ್ತಿದ್ದಳು. ಹಿಂದೆ ಕೊಡಿ ಬೀಗ್ರೇ ಎಂದು ಕೇಳಿದ್ದಕ್ಕೆ, "ನಾನೇನ್ ಬೀಳಿಸ್ಬಿಡ್ತೀನಾ?" ಅಂದಿದ್ದರು. ತಿರುವಿನಲ್ಲಿ ಮೇಕೆಗಳು ಅಡ್ಡ ಬಂದವು, ಬ್ರೇಕು ಬಿತ್ತು. ಮಗುವಿನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಬೀಗರು ಹೇಳಿದ್ದು ಇಷ್ಟೇ: "ಮಕ್ಕಳು ಅಂದ್ಮೇಲೆ ಏಟು ಬೀಳಲ್ವಾ." ಆ ಕಲೆ ಈಗಲೂ ಇದೆ, ಬಲ ಹುಬ್ಬನ್ನು ಎರಡು ತುಂಡು ಮಾಡಿಕೊಂಡು.

ಬಾಣಂತಿ ಕೋಣೆಯಲ್ಲಿ ಮಲಗಿಕೊಂಡೇ ಮಗಳು ಹಟ ಹಿಡಿದಳು. ಎರಡು ಮಕ್ಕಳಿಗೂ ಸೀಟು ಬರದೆ ನಾನು ಆ ಕಾರು ಹತ್ತುವುದಿಲ್ಲ ಎಂದಳು. ಅಳಿಯ ತರಿಸಿದ. ಪೆಟ್ಟಿಗೆಗಳು ಬಂದ ದಿನ ನಮ್ಮ ಬೀದಿಯವರೆಲ್ಲ ನೋಡಲು ಬಂದರು. "ಇದೇನಕ್ಕಾ, ಮಗೂನ ಕಟ್ಟಾಕ್ತೀರಾ? ಕರು ಏನ್ಲಾ ಅದು?" ಎಂದು ಎದುರುಮನೆಯ ಹಾಲಿನವನು ತನ್ನ ಮಗನನ್ನು ಕೇಳುವವನ ಹಾಗೆ ನನ್ನನ್ನು ಕೇಳಿದ. "ಕರೂನ ಕಟ್ತೀಯ, ಮಗೂನ ಬಿಡ್ತೀಯ. ಚೆನ್ನಾಗೈತೆ ನಿನ್ನ ಲೆಕ್ಕ," ಅಂದೆ. ಅವನು ನಕ್ಕ. ನಾನು ನಗಲಿಲ್ಲ.

ಆ ಸೀಟುಗಳನ್ನು ಎಲ್ಲಿ ಕೂರಿಸುವುದು ಎಂದು ತಿಳಿಯಲು ಅಳಿಯನೂ ನಾನೂ ಇಡೀ ಭಾನುವಾರ ಕಾರಿನೊಳಗೆ ಮಂಡಿಯೂರಿದ್ದೆವು. ನಡುವೆ ಇಟ್ಟರೆ ಎರಡೂ ಹಿಡಿಯುವುದಿಲ್ಲ. ಮುಂದಿನ ಸೀಟಿನಲ್ಲಂತೂ ಇಡಲೇಕೂಡದು. ಅಲ್ಲಿ ಏರ್‌ಬ್ಯಾಗ್ ಸಿಡಿದರೆ ನೇರ ಎಳೆಗೂಸಿನ ಸೀಟಿಗೇ ಬಡಿಯುತ್ತದೆ. ಹಾಗಾಗಿ ದೊಡ್ಡವಳ ಸೀಟು ನನ್ನ ಬೆನ್ನಿಗೆ, ಮುಂದಕ್ಕೆ ಮುಖ ಮಾಡಿ. ಸಣ್ಣದರ ಸೀಟು ಎಡಗಡೆ, ಹಿಂದಕ್ಕೆ ಮುಖ ಮಾಡಿ. ಎಡಗಡೆಯಾದರೆ ಮಗುವನ್ನು ಇಳಿಸುವಾಗ ರಸ್ತೆಗೆ ಬೆನ್ನು ಕೊಟ್ಟು ನಿಲ್ಲಬೇಕಾಗಿಲ್ಲ, ಲಾರಿ ಬಂದರೂ ಭಯವಿಲ್ಲ. ಕತ್ತು ನಿಲ್ಲದ ಮಗು ಹಿಂದಕ್ಕೆ ಮುಖ ಮಾಡಿ ಒರಗಿದ್ದರೆ, ಬ್ರೇಕು ಬಿದ್ದಾಗ ಆ ಹೊಡೆತವನ್ನು ಸೀಟಿನ ಬೆನ್ನು ತಡೆಯುತ್ತದೆ, ಕತ್ತಿಗೆ ಬೀಳುವುದಿಲ್ಲ. ಅದೇ ಸೀಟನ್ನು ಮುಂದಕ್ಕೂ ತಿರುಗಿಸಬಹುದು, ಆದರೆ ಆಗ ಅದು ನೆಟ್ಟಗೆ ನಿಲ್ಲುತ್ತದೆ. ಅದು ಬೆಳೆದ ಮಕ್ಕಳಿಗೆ.

ಕಟ್ಟುವುದನ್ನು ಅಳಿಯ ಚಿತ್ರ ನೋಡಿ ಹೇಳಿದ, ನಾನು ಮಾಡಿದೆ. ನವಾರದ ಮಂಚ ಬಿಗಿದು ಗೊತ್ತಿದ್ದವರಿಗೆ ಅದೇನೂ ಹೊಸದಲ್ಲ. ಮಗುವಿನ ಸೀಟಿನೊಳಗೆ ಮಂಡಿ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಕಾರಿನ ಬೆಲ್ಟನ್ನು ಜಗ್ಗಬೇಕು. ಆಮೇಲೆ ಬುಡ ಹಿಡಿದು ಅಲ್ಲಾಡಿಸಿದರೆ ಕಾರು ಅಲ್ಲಾಡಬೇಕು, ಸೀಟು ಅಲ್ಲಾಡಬಾರದು. ಇಷ್ಟೆಲ್ಲ ಸರಿಹೋಗಬೇಕಾದರೆ ಎಡಗಡೆಯ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ಸರಿಸಬೇಕು. ಅಲ್ಲಿ ಕುಳ್ಳಗಿನವರು ಯಾರಾದರೂ ಕೂರಬಹುದು, ನನ್ನ ಮಗಳಂಥವರು. ಬೀಗರಂಥವರು ಕೂತರೆ ಮಂಡಿ ಗಲ್ಲಕ್ಕೆ ಬರುತ್ತದೆ.

ಅದಕ್ಕೇ ನಾನು ಬೆಳಗ್ಗೆ ಕಾಫಿ ಕೊಡುವಾಗಲೇ ಹೇಳಿದ್ದೆ: "ಬೀಗ್ರೇ, ಈವತ್ತು ನೀವು ಹಿಂದೆ, ಎರಡು ಮಕ್ಕಳ ನಡುವೆ ಕೂರಬೇಕು. ಮಗಳು ಮುಂದೆ ಕೂರ್ತಾಳೆ." ಅವರು ಕಾಫಿ ಹೀರುತ್ತಾ, "ಆಗ್ಲಿ, ನೋಡಾಣ," ಅಂದರು. ಕ್ಯಾಸಂಬಳ್ಳಿ ಕಡೆಯವರ 'ನೋಡಾಣ' ಎಂದರೆ ಆಗುವುದಿಲ್ಲ ಎಂದು ಅರ್ಥ. ಅದು ಗೊತ್ತಿದ್ದೂ ನಾನು ಮಡಿಲಕ್ಕಿಗೆ ಬೆಲ್ಲ ಹುಡುಕಲು ಒಳಗೆ ಹೋದೆ.

ಸದ್ದು ಕೇಳಿ ಹೊರಗೆ ಬಂದು ನೋಡಿದರೆ ಕೆಲಸ ಮುಗಿದಿತ್ತು. ಬೀಗರೂ ಎದುರುಮನೆಯ ಹಾಲಿನವನೂ ಸೇರಿಕೊಂಡು ಸಣ್ಣ ಮಗುವಿನ ಸೀಟನ್ನು ಮುಂದಕ್ಕೆ ತಿರುಗಿಸಿದ್ದರು. ಬೆಲ್ಟನ್ನು ಅದರ ಹೊಟ್ಟೆಯ ಮೇಲೆ ಹೇಗೋ ಒಂದು ಸುತ್ತು ಹಾಯಿಸಿದ್ದರು. ಮಗುವಿನ ಭುಜದ ಪಟ್ಟಿಗಳನ್ನೂ ಸಡಿಲ ಮಾಡಿದ್ದರು, ಉಸಿರು ಕಟ್ಟುತ್ತದೆ ಎಂದು. ಬೀಗರು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಪಂಚೆ ಸರಿಮಾಡಿಕೊಳ್ಳುತ್ತಿದ್ದರು.

"ಇದನ್ನ ಯಾಕೆ ತಿರುಗಿಸಿದ್ರಿ?"

"ಇಂದಕ್ಕೆ ಮುಖ ಮಾಡ್ಕೊಂಡು ಓಗಬಾರ್ದಮ್ಮ. ತಾಯಿ ತವರಿಂದ ಒಂಟ ಮಗ ತಿರುಗಿ ನೋಡ್ದಂಗೆ ನಮ್ಮನೆ ಸೇರ್ಬೇಕು. ದಾರಿಯುದ್ದಕ್ಕೂ ಈ ಮನೇನೇ ನೋಡ್ಕೊಂಡು ಬಂದ್ರೆ ನಮ್ಮನೇಲಿ ನಿಂತದಾ ಅದು?"

ಆರತಿ ತಟ್ಟೆ ಹಿಡಿದು ನಿಂತಿದ್ದ ಅಕ್ಕಪಕ್ಕದ ಹೆಂಗಸರು, ಹೌದಲ್ವಾ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶುಭಕ್ಕೆ ಹೊರಟವರು ತಿರುಗಿ ನೋಡಬಾರದು ಎಂಬುದು ನಮ್ಮಲ್ಲಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಮಾತು ಬೀಗರಿಗೆ ಹೊಳೆದದ್ದು ಯಾವಾಗ? ಮಂಡಿ ಡ್ಯಾಶ್‌ಬೋರ್ಡಿಗೆ ತಗುಲಿದ ಮೇಲೆ.

"ಮಗುವಿನ ಕತ್ತು ಇನ್ನೂ ಸರಿಯಾಗಿ ನಿಂತಿಲ್ಲ ಬೀಗ್ರೇ."

"ನಮ್ಮ ಮಕ್ಕಳ ಕತ್ತೆಲ್ಲಾ ಯಾವ ಸೀಟಲ್ಲಿ ನಿಂತ್ವು? ಈ ದೊಡ್ಡವಳ ಸೀಟು ಡಿಕ್ಕಿಗಾಕು. ಅವ್ಳು ನನ್ ತೊಡೆ ಮೇಲಿರ್ಲಿ. ನೀನೂ ಆರಾಮಾಗಿ ಓಡಿಸ್ಬೋದು."

ಹಿಂದೆ ಆದದ್ದನ್ನೆಲ್ಲ ಮರೆತು ಅದೇ ಮಗುವನ್ನು ಅದೇ ತೊಡೆಗೆ ಕೇಳಿದರು. ದೊಡ್ಡವಳ ಸೀಟು ಮುಟ್ಟಿದರೆ ಕಾರೇ ಹೊರಡುವುದಿಲ್ಲ ಎಂದೆ. ಅಷ್ಟರಲ್ಲಿ ನಮ್ಮ ಯಜಮಾನರು ಪಕ್ಕಕ್ಕೆ ಬಂದು, "ರಾಹುಕಾಲ ಹತ್ರ ಬಂತು. ಬೀಗರ ಹತ್ರ ಬಾಯಿ ಮಾಡ್ಬೇಡ ಕಣೆ, ಹುಡುಗಿ ಅಲ್ಲಿ ಬಾಳ್ಬೇಕು," ಅಂದರು. ಹುಡುಗಿ ಅಲ್ಲಿ ಬಾಳಬೇಕು ಎನ್ನುವ ಮಾತೊಂದು ಇದೆಯಲ್ಲ, ಹೆಣ್ಣು ಹೆತ್ತವರ ಬಾಯಿಗೆ ಅದಕ್ಕಿಂತ ದೊಡ್ಡ ಬೀಗ ಇಲ್ಲ. ಬೀದಿಯೆಲ್ಲ ನೋಡುತ್ತಿತ್ತು. ನಾನು ಭುಜದ ಪಟ್ಟಿಗಳನ್ನು ಬಿಗಿ ಮಾಡಿದೆ, ತಿರುಗಿಸಿದ ಸೀಟನ್ನೇ ಮಂಡಿಯೂರಿ ಆದಷ್ಟು ಜಗ್ಗಿ ಕಟ್ಟಿದೆ. ಮಗಳು ಎರಡು ಸೀಟುಗಳ ನಡುವೆ ತೂರಿಕೊಂಡಳು. ಆರತಿ ಬೆಳಗಿದರು, ಕಾರು ಹೊರಟಿತು.

ಸೈಕಲ್ಲುಗಳೂ ನಮ್ಮನ್ನು ಹಿಂದೆ ಹಾಕುವ ಹಾಗೆ ಓಡಿಸಿದೆ. ಬೀಗರಿಗೆ ಅದೂ ಸರಿಬರಲಿಲ್ಲ. "ಏನಮ್ಮಾ, ಎತ್ತಿನ ಗಾಡಿ ಒಡ್ದಂಗೆ ಒಡೀತೀಯಲ್ಲ." ಬಂಗಾರಪೇಟೆಯಿಂದ ಆ ಕಡೆಗೆ ಹೋಗುವ ರಸ್ತೆಯ ಹಂಪುಗಳಿಗೆ ಬಣ್ಣ ಬಳಿದಿರುವುದಿಲ್ಲ. ಹತ್ತಿರ ಬಂದಮೇಲೇ ಗೊತ್ತಾಗುವುದು. ಒಂದೊಂದು ಹಂಪಿಗೂ ನನ್ನ ಕಣ್ಣು ಕನ್ನಡಿಗೆ ಹೋಗುತ್ತಿತ್ತು. ಕನ್ನಡಿಯಲ್ಲಿ ಮಗುವಿನ ಮುಖಕ್ಕಿಂತ ಮೊದಲು ಮಗಳ ಅಂಗೈ ಕಾಣುತ್ತಿತ್ತು. ಮಗುವಿನ ಹಣೆಗೆ ಅಂಗೈ ಒತ್ತಿ ತಲೆಯನ್ನು ಹಿಂದಕ್ಕೆ ಹಿಡಿದುಕೊಂಡಿದ್ದಳು. ಕೈ ತೆಗೆದರೆ ತಲೆ ಬಾಗಿ ಗಲ್ಲ ಎದೆಗೆ ಬರುತ್ತಿತ್ತು. ಮತ್ತೆ ಎತ್ತುವಳು, ಮತ್ತೆ ಬೀಳುವುದು. ಮಾವ ಮುಂದೆಯೇ ಕೂತಿದ್ದರಿಂದ ಒಂದು ಮಾತೂ ಆಡುತ್ತಿರಲಿಲ್ಲ. ಬೀಗರು ಕಿಟಕಿಯಾಚೆ ಚಿನ್ನದ ಗಣಿಯ ಮಣ್ಣು ಸುರಿದ ಬೂದು ಬಣ್ಣದ ಸೈನೈಡ್ ದಿಬ್ಬಗಳನ್ನು ನೋಡುತ್ತಾ, ಗಣಿ ನಡೆಯುತ್ತಿದ್ದ ಕಾಲದಲ್ಲಿ ತಾವು ಅಲ್ಲಿಗೆ ತರಕಾರಿ ಹಾಕುತ್ತಿದ್ದ ಕಥೆ ಹೇಳುತ್ತಿದ್ದರು.

ಚಾಂಪಿಯನ್ ರೀಫ್ಸ್ ಹತ್ತಿರ ಬರುವಾಗ ಮಗು ನಿದ್ದೆ ಹೋಗಿತ್ತು. ಅದರ ಗಂಟಲಿಂದ ಗೊರಗೊರ ಎಂದು ಸಣ್ಣ ಸದ್ದು ಬಂತು.

"ಅಮ್ಮಾ," ಎಂದಳು ಮಗಳು, ತೀರಾ ಮೆತ್ತಗೆ. "ಉಸಿರಾಡೋಕೆ ಕಷ್ಟ ಪಡ್ತಿದೆ."

ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಎಡಗಡೆಯ ಬಾಗಿಲು ತೆಗೆದು ಪಟ್ಟಿ ಬಿಚ್ಚಿ ಮಗುವನ್ನು ಹೆಗಲಿಗೆ ಹಾಕಿಕೊಂಡೆ. ಕತ್ತು ನೇರವಾದ ಕೂಡಲೇ ಸದ್ದು ನಿಂತಿತು. ಒಂದು ದೊಡ್ಡ ಉಸಿರು ಬಿಟ್ಟು ನನ್ನ ಸೆರಗಿಗೆ ಮೂಗು ಒರೆಸಿತು. ಏನೂ ಆಗಿರಲಿಲ್ಲ. ಗಣಿ ಕಾರ್ಮಿಕರ ಹಳೆಯ ಮನೆಗಳ ಸಾಲಿನ ಮುಂದೆ ಟೀ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು ಓಡಿಬಂದಳು. "ಎನ್ನಮ್ಮಾ, ಕೊಳಂದೈಗೆ ಏನಾಯ್ತು? ತಣ್ಣಿ ಬೇಕಾ?" ಎಂದು ತಮಿಳೂ ಕನ್ನಡವೂ ಸೇರಿಸಿ ಕೇಳಿ, ಒಂದು ಚೊಂಬು ನೀರು ತಂದುಕೊಟ್ಟಳು.

ಬೀಗರು ಇಳಿದಿರಲಿಲ್ಲ. ಕುತ್ತಿಗೆ ಮಾತ್ರ ತಿರುಗಿಸಿ, "ಎಳೇ ಮಕ್ಕಳು ಗೊರಕೆ ಒಡೆಯಲ್ವಾ? ಒತ್ತಾಯ್ತದೆ, ನಡಿಯಮ್ಮ," ಅಂದರು.

ನಾನು ಮಗುವನ್ನು ಮಗಳ ಕೈಗೆ ಕೊಟ್ಟು, ಮುಂದಿನ ಬಾಗಿಲ ಹತ್ತಿರ ಬಂದು ನಿಂತೆ. ಕೀಲಿ ನನ್ನ ಮುಷ್ಟಿಯಲ್ಲಿತ್ತು.

"ಕೆಳಗಿಳೀರಿ ಬೀಗ್ರೇ. ಸೀಟು ತಿರುಗಿಸ್ಬೇಕು."

"ಏಳಿದ್ನಲ್ಲಮ್ಮ, ಇಂದಕ್ಕೆ ನೋಡ್ಕೊಂಡು..."

"ನೀವು ಬೆಳಗ್ಗೆ ಬಸ್ಸಲ್ಲಿ ಬಂದ್ರಿ. ಡ್ರೈವರ್ ಪಕ್ಕ, ಇಂಜಿನ್ ಹತ್ರ, ಹಿಂದಕ್ಕೆ ಮುಖ ಮಾಡಿರೋ ಸೀಟು ಇರುತ್ತಲ್ಲ? ಈ ತಾಲೂಕಿನ ಎಷ್ಟೋ ಸೊಸೆಯರು ಮಡಿಲಲ್ಲಿ ಮಗು ಇಟ್ಕೊಂಡು ಅದ್ರಲ್ಲೇ ಅತ್ತೆ ಮನೆಗೆ ಬಂದವ್ರೆ. ಯಾವ ಮನೆ ಕೆಟ್ಟೋಯ್ತು?"

ಟೀ ಅಂಗಡಿಯ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಬೀಗರ ಮುಖ ಕೆಂಪಾಯಿತು.

"ನಡುವೆ ಕೂತ್ಕೊಳ್ಳಿ," ಎಂದೆ. "ಜಾಗ ಇದೆ. ಅವಳು ಮುಂದೆ ಬರ್ತಾಳೆ."

"ಸೊಸೆ ಮುಂದೆ, ಮಾವ ಇಂದೆ? ಅದೂ ಆ ಮಕ್ಕಳ ಸೀಟುಗಳ ಮಧ್ಯ ಸಿಗಾಕ್ಕೊಂಡು? ನಮ್ಮೂರ್ ಬಾಗಲಲ್ಲಿ ಅಂಗೆ ಇಳೀಲಾ ನಾನು? ಒಳ್ಳೆ ಮರ್ಯಾದೆ."

ಆಗ ಮಗಳು ಮಾತಾಡಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಮಾವನ ಮುಖ ನೋಡಿ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಗುವನ್ನು ಹೆಗಲ ಮೇಲೆ ತಟ್ಟುತ್ತಾ, ದನಿ ಏರಿಸದೆ ಹೇಳಿದಳು: "ಮಾವ, ಕಾಲು ಮಡಚಿದ್ರೆ ನೋಯ್ತದೆ ಅಂತ ಹೇಳಿ, ನಾನು ಎಣ್ಣೆ ಹಚ್ಚಿ ತಿಕ್ಕಿ ಕೊಡ್ತೀನಿ. ಶಕುನ ಅಂತ ಹೇಳ್ಬೇಡಿ. ದೊಡ್ಡವಳ ಹಣೆ ನೋಡಿದಾಗೆಲ್ಲ ನಾನು ಏನೂ ಅಂದಿಲ್ಲ. ಇದಕ್ಕೆ ಏನಾದ್ರೂ ಆದ್ರೆ ಅಂತೀನಿ."

ಬೀಗರು ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು, ಇದೆಲ್ಲ ನೀನು ಹೇಳಿಕೊಟ್ಟದ್ದು ಎನ್ನುವಂತೆ. ಹೇಳಿಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಹೇಳಿಕೊಟ್ಟದ್ದೆಲ್ಲ ತಗ್ಗಿ ಬಗ್ಗಿ ನಡಿ ಎಂದೇ. ಅವರು ಒಂದೊಂದೇ ಕಾಲು ಹೊರಗಿಟ್ಟು ಇಳಿದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ನಾನು ಬಸ್ಸಿಗೆ ಬತ್ತೀನಿ. ನಿಮ್ಮ್ ರಥ ನೀವೇ ಎಳ್ಕೊಳ್ಳಿ."

"ಆಗ್ಲಿ," ಅಂದೆ. ಬೇಡ ಬೀಗ್ರೇ, ತಪ್ಪು ತಿಳೀಬೇಡಿ, ಬನ್ನಿ ಎಂದು ಕರೆಯಬೇಕಾಗಿತ್ತು. ಅವರು ಅದಕ್ಕೇ ಎರಡು ಹೆಜ್ಜೆ ಹೋಗಿ ನಿಂತಿದ್ದರು. ನಾನು ಕರೆಯಲಿಲ್ಲ.

ಅವರ ಕಣ್ಣೆದುರೇ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿದೆ. ಮಗುವಿನ ಸೀಟು ಬಿಚ್ಚಿ, ಹಿಂದಕ್ಕೆ ತಿರುಗಿಸಿ, ಒರಗುವ ಹಾಗೆ ಇಳಿಸಿ, ಬೆಲ್ಟನ್ನು ಸರಿಯಾದ ದಾರಿಯಲ್ಲಿ ತೂರಿಸಿದೆ. ಒಳಗೆ ಮಂಡಿಯೂರಿ ಜಗ್ಗುವಾಗ ಬೆಳಗಿನಿಂದ ನುಂಗಿಕೊಂಡದ್ದೆಲ್ಲ ತೋಳಿಗೆ ಬಂದಿತ್ತು. ಬುಡ ಹಿಡಿದು ಅಲ್ಲಾಡಿಸಿದೆ. ಇಡೀ ಕಾರು ಅಲ್ಲಾಡಿತು. ಮಗುವನ್ನು ಕೂರಿಸಿ ಭುಜದ ಪಟ್ಟಿ ಬಿಗಿದು, ಅದರ ದಪ್ಪ ಟವೆಲ್ಲನ್ನು ಪಟ್ಟಿಯ ಮೇಲಿಂದ ಹೊದಿಸಿದೆ. ತಲೆ ಮೆತ್ತಗೆ ಹಿಂದಕ್ಕೆ ಒರಗಿತು. ಈ ಸಲ ಅದರ ಹಣೆಗೆ ಯಾರ ಕೈಯೂ ಬೇಕಾಗಲಿಲ್ಲ. ಇಷ್ಟು ಹೊತ್ತೂ ಬಿಸ್ಕತ್ತು ತಿನ್ನುತ್ತಾ ಕೂತಿದ್ದ ದೊಡ್ಡವಳು ಕೇಳಿದಳು: "ತಾತಂಗೆ ಬೆಲ್ಟ್ ಆಕಿಲ್ವಾ ಅಜ್ಜಿ, ಅದಕ್ಕೆ ಇಳಿಸಿದ್ದಾ?"

"ಹೂಂ," ಎಂದೆ.

ಮಗಳು ಮುಂದೆ ಬರಲು ಒಪ್ಪಲಿಲ್ಲ, ಮಕ್ಕಳ ನಡುವೆಯೇ ಇರುತ್ತೇನೆ ಎಂದಳು. ಮುಂದಿನ ಸೀಟು ಖಾಲಿ ಉಳಿಯಿತು. ಅದರ ಮೇಲೆ ಮಡಿಲಕ್ಕಿಯ ಗಂಟು ಇಟ್ಟೆ.

ಬೀಗರ ಮನೆಯ ಬಾಗಿಲಲ್ಲಿ ಬೀಗಿತ್ತಿ ಆರತಿ ಹಿಡಿದು ಕಾಯುತ್ತಿದ್ದರು. ಕಾರಿನೊಳಗೆ ಬಗ್ಗಿ ನೋಡಿ, "ಅವ್ರೆಲ್ಲಿ?" ಅಂದರು. ಬಸ್ಸಿನಲ್ಲಿ ಬರುತ್ತಾರೆ ಎಂದೆ. ಯಾಕೆ ಎಂದು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಇನ್ನೊಂದು ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೇಳಿದೆ. ಬೀಗಿತ್ತಿ ಕರ್ಪೂರ ಹಚ್ಚಿದರು. "ಬರ್ಲಿ ಬಿಡಮ್ಮ. ನಾನು ಮದ್ವೆಯಾದಾಗಿಂದ ಇಂದಿನ ಸೀಟಲ್ಲೇ ಬಂದಿವ್ನಿ, ನನ್ನ ಮರ್ವಾದೆ ಯಾರೂ ಕೇಳಿಲ್ಲ," ಎಂದು ಆರತಿ ಎತ್ತಿದರು. ಬೀಗರಿಗಾಗಿ ಕಾಯಲಿಲ್ಲ.

ಬೀಗರು ಬಂದಾಗ ಊಟದ ಹೊತ್ತು ಮೀರಿತ್ತು. ಬಸ್ಸಿನಲ್ಲಿ ನಿಂತುಕೊಂಡೇ ಬಂದರಂತೆ. ಜಗಲಿಯ ಮೇಲೆ ಕೂತವರು ನನ್ನ ಕಡೆ ತಿರುಗಲಿಲ್ಲ. ನಾನು ಹೊರಡುವಾಗ ಬರ್ತೀನಿ ಬೀಗ್ರೇ ಎಂದೆ. ಗೋಡೆಗೆ ಹೇಳಿದಂತಾಯಿತು.

ಅದಾದ ಮೇಲೆ ಊರಲ್ಲಿ ಒಂದು ಮಾತು ಹಬ್ಬಿದೆ: ಬಂಗಾರಪೇಟೆಯ ಬೀಗಿತ್ತಿ ಬೀಗರನ್ನು ನಡುರಸ್ತೆಯಲ್ಲಿ ಇಳಿಸಿ ಹೋದಳು ಎಂದು. ನಮ್ಮ ಯಜಮಾನರಿಗೂ ಅದು ತಲುಪಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಹೋಗಿ ಒಂದು ಕ್ಷಮೆ ಕೇಳಿ ಬಾ ಎಂದರು. ಯಾವುದಕ್ಕೆ ಎಂದು ಕೇಳಿದೆ. ದೊಡ್ಡ ಮೊಮ್ಮಗಳ ಹುಬ್ಬು ಒಡೆದ ದಿನ ಕ್ಷಮೆಯ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಮಗುವಿಗೆ ಏಟಾದರೆ ಅದು ಹಣೆಬರಹ, ದೊಡ್ಡವರ ಕಾಲಿಗೆ ಜಾಗ ಸಾಲದಿದ್ದರೆ ಅದು ಅವಮಾನ. ಈ ಲೆಕ್ಕವನ್ನು ನಮಗೆಲ್ಲ ಕಲಿಸಿದವರು ಯಾರೋ, ಅವರು ನನ್ನ ಕೈಗೆ ಸಿಕ್ಕಬೇಕು.

ಹೋದ ವಾರ ಮಗುವಿಗೆ ಆಂಡರ್ಸನ್‌ಪೇಟೆಯಲ್ಲಿ ಚುಚ್ಚುಮದ್ದು ಹಾಕಿಸಲು ಕಾರು ತೆಗೆದುಕೊಂಡು ಕ್ಯಾಸಂಬಳ್ಳಿಗೆ ಹೋಗಿದ್ದೆ. ಅಳಿಯ ಅಂದು ಮನೆಯಲ್ಲಿದ್ದ. ಮಗುವನ್ನು ಅವನೇ ಕೂರಿಸಿ ಪಟ್ಟಿ ಹಾಕಿದ. ನಾನು ಭುಜದ ಹತ್ತಿರ ಪಟ್ಟಿಯನ್ನು ಚಿವುಟಿ ನೋಡಿದೆ, ಬೆರಳಿಗೆ ಸಿಕ್ಕಿತು. "ಸಡಿಲ ಇದೆ," ಎಂದೆ. "ಅಳ್ತದೆ ಅತ್ತೆ," ಅಂದ. "ಅಳ್ಲಿ." ಅವನು ಮತ್ತೆ ಎಳೆದ. ಈ ಸಲ ಬೆರಳು ಜಾರಿತು. ಮಗು ಅತ್ತಿತು.

ದೊಡ್ಡವಳನ್ನು ಬೀಗಿತ್ತಿಯ ಹತ್ತಿರ ಬಿಟ್ಟಿದ್ದರಿಂದ ಅವಳ ಸೀಟು ಬಿಚ್ಚಿ ಮಗಳು ನನ್ನ ಬೆನ್ನಿಗೆ ಕೂತಿದ್ದಳು, ಅಳಿಯ ಮಂಡಿ ಮಡಚಿಕೊಂಡು ಮುಂದೆ. ಬಸ್ ಸ್ಟಾಪಿನಲ್ಲಿ ಬೀಗರು ನಿಂತಿದ್ದರು, ಅವರಿಗೂ ಅಂದು ಆಂಡರ್ಸನ್‌ಪೇಟೆಯಲ್ಲಿ ಏನೋ ಕೆಲಸವಿತ್ತು. ಕಾರು ನಿಲ್ಲಿಸಿದೆ. ಅಳಿಯ ಕಿಟಕಿ ಇಳಿಸಿ, "ಅಪ್ಪಾ, ಬಾ. ನಾನು ನಡುವೆ ಕೂರ್ತೀನಿ, ನೀನು ಮುಂದೆ ಕೂರು," ಅಂದ. ಬೀಗರು ಮುಂದಿನ ಸೀಟನ್ನು ನೋಡಿದರು. ಅದು ಡ್ಯಾಶ್‌ಬೋರ್ಡಿಗೆ ತಾಗುವ ಹಾಗೆ ಮುಂದಕ್ಕೆ ಸರಿದಿತ್ತು.

"ಅದನ್ನ ವಸಿ ಇಂದಕ್ಕೆ ಬಿಟ್ರೆ ಬತ್ತೀನಿ," ಅಂದರು, ನನ್ನ ಕಡೆ ನೋಡದೆ.

ಅಳಿಯನ ಕೈ ಸೀಟಿನ ಕೆಳಗಿನ ಹಿಡಿಕೆಗೆ ಹೋಯಿತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಹಿಂದೆ ಮಗಳು ಮಗುವಿನ ಪಟ್ಟಿಯ ಮೇಲೆ ಕೈ ಇಟ್ಟಳು. ಅವನು ಹಿಂದೆ ತಿರುಗಿ ಮಗುವನ್ನು ನೋಡಿದ. ಕೈ ಹಿಂದಕ್ಕೆ ತೆಗೆದುಕೊಂಡ.

"ಆಗಲ್ಲಪ್ಪಾ. ಇಷ್ಟೇ ಜಾಗ."

"ಅಂಗಾದ್ರೆ ನಡೀರಿ," ಎಂದು ಬೀಗರು ಬಸ್ಸು ಬರುವ ದಿಕ್ಕಿಗೆ ತಿರುಗಿಕೊಂಡರು. ನಾನು ಗೇರು ಹಾಕಿದೆ.